ದಾನಕ್ಕೂ ಒಂದು ಮುಯ್ಯಿ ಪುಸ್ತಕ

ಮದ್ದೂರಿನ ಕಡೆ ನಮ್ಮ ಅಪ್ಪ ಓದಿದ ಸರ್ಕಾರಿ ಶಾಲೆ ಇದೆ. ಅವರು ತೀರಿಕೊಂಡ ವರ್ಷ ನಾವು ಮಕ್ಕಳೆಲ್ಲ ಸೇರಿ ಆ ಶಾಲೆಗೆ ಒಂದು ನೀರಿನ ಫಿಲ್ಟರ್ ಕೊಡಿಸಿದೆವು. ಅಲ್ಲಿನ ಬೋರ್‌ವೆಲ್ ನೀರು ತುಂಬ ಗಡಸು, ಬಿಂದಿಗೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. 28 ಸಾವಿರ ರೂಪಾಯಿ ಆಯಿತು. ಪಕ್ಕದ ಗೋಡೆಗೆ ಅಪ್ಪನ ಹೆಸರಿನ ಸ್ಟೀಲ್ ಫಲಕ ಹಾಕಿಸಿದೆವು. ಮಕ್ಕಳು ಲೋಟ ಹಿಡಿದು ಸಾಲಾಗಿ ನಿಂತು ನೀರು ಕುಡಿದರು. ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

ಎರಡು ವರ್ಷ ಬಿಟ್ಟು ಹೋದಾಗ ಫಲಕ ಫಳಫಳ ಹೊಳೀತಿತ್ತು. ನಲ್ಲಿ ಒಣಗಿತ್ತು. ಫಿಲ್ಟರಿನ ತಲೆ ಮೇಲೆ ಸೀಮೆಸುಣ್ಣದ ಡಬ್ಬಗಳನ್ನು ಜೋಡಿಸಿಟ್ಟಿದ್ದರು. ಬಿಸಿಯೂಟದ ಅಡುಗೆ ಮಾಡುವ ಅಕ್ಕ ಸೊಪ್ಪು ಸೋಸುತ್ತಾ ಹೇಳಿದರು: “ಒಂದ್ ವರ್ಸ ಚೆನ್ನಾಗೇ ಬತ್ತಿತ್ತು ಕಣಕ್ಕ. ಆಮೇಲೆ ಒಳಗಿನ ಕ್ಯಾಂಡಲ್ ಕೆಟ್ಟೋಯ್ತು. ಐದಾರು ಸಾವ್ರ ಆಯ್ತದೆ ಅಂದ್ರು. ಯಾರ್ ಕೊಟ್ಟಾರು? ನಿಮ್ಗೇ ಫೋನ್ ಮಾಡಾಣ ಅಂದ್ರೆ ನಂಬರ್ರೇ ಇಲ್ಲ.”

ಆ ಕೊನೆಯ ಮಾತು ನನಗೆ ಚುಚ್ಚಿತು. ಅಪ್ಪನ ಹೆಸರು, ಹುಟ್ಟಿದ ವರ್ಷ, ತೀರಿಕೊಂಡ ವರ್ಷ, ಕೊಟ್ಟವರ ಹೆಸರು ಎಲ್ಲ ಫಲಕದ ಮೇಲಿತ್ತು. ಫೋನ್ ನಂಬರ್ ಮಾತ್ರ ಇರಲಿಲ್ಲ. ಕೊಟ್ಟ ಮೇಲೆ ನಮ್ಮ ಕೆಲಸ ಮುಗೀತು ಅಂದುಕೊಂಡಿದ್ದೆವು.

ಅವತ್ತಿನಿಂದ ನಮ್ಮ ಮನೆಯಲ್ಲಿ ಕೊಡುವ ರೀತಿ ಬದಲಾಯಿತು. ನಾವು ಕಲಿತದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ವರ್ಷಕ್ಕೆ ಐದು ಸಾವಿರ ಕೊಡುವವರಿಗೂ ಇದು ಆಗುತ್ತದೆ, ಐದು ಲಕ್ಷ ಕೊಡುವವರಿಗೂ ಆಗುತ್ತದೆ.

ಹೆಜ್ಜೆಗಳಿಗೆ ಹೋಗುವ ಮೊದಲು ಒಂದು ಮಾತು. ಲೆಕ್ಕ ಹಾಕಿ, ಯೋಚನೆ ಮಾಡಿ, ವರ್ಷಗಟ್ಟಲೆ ಬೆನ್ನುಹತ್ತಿ ಕೊಡುವುದಕ್ಕೆ ಈಗ ದೊಡ್ಡ ದೊಡ್ಡ ಹೆಸರುಗಳಿವೆ. ಕಂಪನಿಗಳವರು ಅದಕ್ಕೆ ಮೀಟಿಂಗ್ ಮಾಡುತ್ತಾರೆ. ಆದರೆ ಅದು ನಮಗೆ ಹೊಸದಲ್ಲ. ಮೈಸೂರಿನ ವಾರಾನ್ನ ನೆನಪಿದೆ ಅಲ್ವಾ? ಹಳ್ಳಿಯಿಂದ ಓದಲು ಬಂದ ಬಡ ಹುಡುಗ ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ ಉಣ್ಣುತ್ತಿದ್ದ. ಏಳು ಮನೆಯವರು ಸೇರಿ ಒಂದು ಓದನ್ನು ಮುಗಿಸಿಕೊಡುತ್ತಿದ್ದರು. ವಾರಕ್ಕೆ ಒಂದು ಊಟ ಯಾರಿಗೂ ಹೊರೆಯಲ್ಲ, ಆದರೆ ತಪ್ಪುವಂತಿಲ್ಲ. ಹುಡುಗ ಪಾಸಾದನೋ ಇಲ್ಲವೋ ಅಂತ ಮನೆಯಾಕೆಗೆ ಗೊತ್ತಿರುತ್ತಿತ್ತು. ಅದರಲ್ಲಿ ಜಾತಿಯ ಗೆರೆ ಇತ್ತು, ಅದನ್ನು ಮುಚ್ಚಿಡಬಾರದು. ಆ ಗೆರೆ ಅಳಿಸಿ, ಆ ಶಿಸ್ತು ಉಳಿಸಿಕೊಂಡರೆ ಸಾಕು.

ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ಹುಡುಗರಿಗೆ ಊಟ, ವಸತಿ ಕೊಡಲು ಶುರು ಮಾಡಿದರು. ಅದು ಅಲ್ಲಿಗೇ ನಿಲ್ಲಲಿಲ್ಲ. 1954ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠವಾಗಿ ಬೆಳೆಯಿತು. ಎಚ್.ಡಿ. ಕೋಟೆ ಕಡೆ ನೋಡಿ. ಮೈಸೂರಿನಲ್ಲಿ ಓದುತ್ತಿದ್ದ ಮೆಡಿಕಲ್ ವಿದ್ಯಾರ್ಥಿಗಳು 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಕಾಡಂಚಿನ ಬುಡಕಟ್ಟು ಜನರಿಗೆ ಔಷಧ ಕೊಡಲು ಹೋದವರಿಗೆ, ಔಷಧ ಒಂದೇ ಸಾಲದು ಅಂತ ಅಲ್ಲಿ ಕೂತಾಗ ಗೊತ್ತಾಯಿತು. ಹಾಗಾಗಿ ಹೊಸಹಳ್ಳಿಯಲ್ಲಿ ಶಾಲೆ, ಸರಗೂರಿನಲ್ಲಿ ಆಸ್ಪತ್ರೆ ಬಂತು.

ಕೊಟ್ಟದ್ದು ಮುಟ್ಟಬೇಕಾದವರಿಗೆ ಮುಟ್ಟುತ್ತದಾ ಅನ್ನುವ ಪ್ರಶ್ನೆಯೂ ಹಳೆಯದೇ. ವಿನೋಬಾ ಭಾವೆ 1951ರಲ್ಲಿ ಭೂದಾನ ಶುರು ಮಾಡಿದರು. ಜನ ಲಕ್ಷಗಟ್ಟಲೆ ಎಕರೆ ಕೊಟ್ಟರು. ಆದರೆ ಅದರಲ್ಲಿ ಬಹಳಷ್ಟು ಬರಡು ನೆಲ, ಇನ್ನಷ್ಟು ವ್ಯಾಜ್ಯದ ನೆಲ. ಎಷ್ಟೋ ಜಮೀನು ಭೂಮಿ ಇಲ್ಲದವರ ಕೈ ಸೇರಲೇ ಇಲ್ಲ. 1957ರ ಸೆಪ್ಟೆಂಬರಿನಲ್ಲಿ ನಮ್ಮ ಮೈಸೂರಿನ ಪಕ್ಕದ ಇಲವಾಲದಲ್ಲೇ ವಿನೋಬಾ, ಪ್ರಧಾನಿ ನೆಹರೂ ಮತ್ತು ಬೇರೆ ಬೇರೆ ಪಕ್ಷಗಳ ಮುಖಂಡರು ಗ್ರಾಮದಾನದ ಬಗ್ಗೆ, ಅಂದರೆ ಊರಿನ ನೆಲವನ್ನು ಇಡೀ ಊರಿಗೇ ಬಿಟ್ಟುಕೊಡುವುದರ ಬಗ್ಗೆ, ಕೂತು ಮಾತಾಡಿದರು. ಹುಣಸೂರು ರಸ್ತೆಯಲ್ಲಿ ಹೋಗುವಾಗೆಲ್ಲ ನನಗೆ ಅದು ನೆನಪಾಗುತ್ತದೆ.

ಮೊದಲು ಪುಸ್ತಕ ತೆರೆಯಿರಿ

ಮಂಡ್ಯ ಕಡೆ ಮದುವೆ ಮನೆಯಲ್ಲಿ ಮುಯ್ಯಿ ಬರೆಯುತ್ತಾರೆ. ಯಾರು ಎಷ್ಟು ಹಾಕಿದರು ಅನ್ನುವುದು ಇಪ್ಪತ್ತು ವರ್ಷ ಆದರೂ ಅಳಿಸುವುದಿಲ್ಲ. ಅವರ ಮನೆ ಮದುವೆಗೆ ಹೋಗುವಾಗ ಆ ಪುಸ್ತಕ ತೆಗೆದು ನೋಡಿಯೇ ಹೋಗುತ್ತೇವೆ. ದಾನಕ್ಕೂ ಅಂಥದ್ದೊಂದು ಪುಸ್ತಕ ಮಾಡಿ. ನೂರು ಪುಟದ ಸಾದಾ ನೋಟ್‌ಬುಕ್ ಸಾಕು.

ಮೊದಲ ಪುಟದಲ್ಲಿ ಕಳೆದ ಒಂದು ವರ್ಷ ಕೊಟ್ಟದ್ದನ್ನೆಲ್ಲ ಬರೆಯಿರಿ. ನಮ್ಮ ಮನೆಯ ಪುಟ ಹೀಗಿತ್ತು. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದಲ್ಲಿ ಪ್ರಸಾದ ಹಂಚಲು 3,000. ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ 5,000. ಗಣಪತಿ ಚಂದಾ ಮೂರು ಕಡೆ ಸೇರಿ 1,500. ಅಪ್ಪನ ತಿಥಿಯ ದಿನ ಒಂದು ಮಕ್ಕಳ ಆಶ್ರಮದಲ್ಲಿ ಊಟ 6,000. ಮನೆಗೆಲಸದ ಅಕ್ಕನ ಗಂಡನ ಆಪರೇಷನ್‌ಗೆ 10,000. ಫೋನಿನಲ್ಲಿ ಬಂದ ಮೆಸೇಜ್ ನೋಡಿ ಯಾರಿಗೋ ಕಳಿಸಿದ್ದು 2,000. ಒಟ್ಟು 27,500. ನಾವು ಅಷ್ಟು ಕೊಡುತ್ತೇವೆ ಅಂತ ನಮಗೇ ಗೊತ್ತಿರಲಿಲ್ಲ. ವರ್ಷಕ್ಕೆ ಹತ್ತು ಸಾವಿರ ಇರಬಹುದು ಅಂತ ಯಜಮಾನರು ಹೇಳುತ್ತಿದ್ದರು.

ಈಗ ಪ್ರತಿ ಸಾಲಿನ ಮುಂದೆ ಒಂದು ಗುರುತು ಹಾಕಿ: ದೇವರಿಗೆ, ಕಷ್ಟಕ್ಕೆ, ಬದಲಾವಣೆಗೆ. ದೇವರ ಭಾಗವನ್ನು ಕಡಿಮೆ ಮಾಡಿ ಅಂತ ನಾನು ಹೇಳುವುದಿಲ್ಲ. ಅದು ನಿಮ್ಮ ಮನಸ್ಸಿಗೆ, ನಿಮ್ಮ ಹಿರಿಯರಿಗೆ ಸೇರಿದ್ದು. ಕಷ್ಟಕ್ಕೆ ಕೊಡುವ ಭಾಗವನ್ನಂತೂ ಮುಟ್ಟಲೇಬೇಡಿ. ಆಸ್ಪತ್ರೆ ಮುಂದೆ ನಿಂತು ಅಳುವವರಿಗೆ ಯೋಜನೆ, ವರದಿ ಅಂತ ಕೇಳುವುದು ಮನುಷ್ಯತ್ವವಲ್ಲ. ಮೂರನೇ ಗುರುತು ಎಷ್ಟು ಸಾಲಿಗೆ ಬಿತ್ತು ನೋಡಿ. ನಮ್ಮ ಪುಟದಲ್ಲಿ ಒಂದಕ್ಕೂ ಬೀಳಲಿಲ್ಲ. ಈ ವರ್ಷ ಅದಕ್ಕೊಂದು ಮೊತ್ತ ತೆಗೆದಿಡಿ, ತಿಂಗಳಿಗೆ 500 ಆದರೂ ಸರಿ. ಅಜ್ಜಿಯರು ಅನ್ನಕ್ಕಿಡುವ ಮೊದಲು ಒಂದು ಮುಷ್ಟಿ ಅಕ್ಕಿ ಬೇರೆ ಮಡಕೆಗೆ ಹಾಕುತ್ತಿದ್ದರಲ್ಲ, ಹಾಗೆ ಸಂಬಳ ಬಂದ ದಿನವೇ ತೆಗೆದಿಡಿ. ತಿಂಗಳ ಕೊನೆಗೆ ಉಳಿದದ್ದು ಕೊಡೋಣ ಅಂದರೆ ಏನೂ ಉಳಿಯುವುದಿಲ್ಲ.

ಒಂದೇ ವಿಷಯ, ಹತ್ತಿರದ ಜಾಗ

ಹತ್ತು ಕಡೆ ಐನೂರು ಕೊಡುವುದಕ್ಕಿಂತ ಒಂದು ಕಡೆ ಐದು ಸಾವಿರ ಕೊಡಿ, ಮೂರು ವರ್ಷ ಬಿಡದೆ ಕೊಡಿ. ಬಸ್ಸಿನಲ್ಲಿ ಒಂದೂವರೆ ಗಂಟೆಯೊಳಗೆ ಹೋಗಿ ಬರುವ ಜಾಗ ಆರಿಸಿ. ದೂರದ ಜಾಗಕ್ಕೆ ಕೊಡಬಾರದು ಅಂತಲ್ಲ. ಆದರೆ ಮೊದಲ ಸಲಕ್ಕೆ, ಕಣ್ಣಾರೆ ನೋಡಲು ಆಗುವುದನ್ನೇ ಆರಿಸುವುದು ಒಳ್ಳೆಯದು. ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯ ಆದರೆ ಇನ್ನೂ ಒಳ್ಳೆಯದು. ನರ್ಸ್ ಆಗಿದ್ದವರಿಗೆ ಹೆರಿಗೆ ವಾರ್ಡಿನ ಕಷ್ಟ ಕಾಣುತ್ತದೆ, ಮೇಷ್ಟ್ರಿಗೆ ಅದು ಕಾಣುವುದಿಲ್ಲ.

ಸರ್ಕಾರ ಈಗಾಗಲೇ ಏನು ಕೊಡುತ್ತಿದೆ?

ಹೆಚ್ಚು ದಾನ ವ್ಯರ್ಥ ಆಗುವುದು ಇದನ್ನು ಕೇಳದೆ ಇರುವುದರಿಂದ. ಸರ್ಕಾರಿ ಶಾಲೆಯನ್ನೇ ತೆಗೆದುಕೊಳ್ಳಿ. ಪಠ್ಯಪುಸ್ತಕ, ಸಮವಸ್ತ್ರ, ಶೂ ಸರ್ಕಾರದಿಂದ ಬರುತ್ತದೆ. ಮಧ್ಯಾಹ್ನ ಬಿಸಿಯೂಟ ಇದೆ. 2013ರಿಂದ ಕ್ಷೀರಭಾಗ್ಯದ ಹಾಲು ಇದೆ. ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು ಇದೆ. ಹಾಗಿರುವಾಗ ನಾವು ಹೋಗಿ ಮತ್ತೊಂದು ಜೊತೆ ಸಮವಸ್ತ್ರ ಹೊಲಿಸಿದರೆ ಏನು ಬಂತು? ಅದೇ ಹೊತ್ತಿಗೆ ನೋಟ್‌ಬುಕ್ ಸಾಲದು. ಶೌಚಾಲಯ ಇದೆ, ತೊಳೆಯಲು ಜನ ಇಲ್ಲ. ಕಂಪ್ಯೂಟರ್ ಇದೆ, ಅದನ್ನು ಹೇಳಿಕೊಡುವವರಿಲ್ಲ. ಹತ್ತನೇ ತರಗತಿಯ ಮಕ್ಕಳಿಗೆ ಸಂಜೆ ಗಣಿತ ಹೇಳಿಕೊಡಲು ಯಾರೂ ಇಲ್ಲ.

ಅಗತ್ಯವೂ ಬದಲಾಗುತ್ತಾ ಹೋಗುತ್ತದೆ. ನಮ್ಮ ಪರಿಚಯದವರೊಬ್ಬರು ಹಳ್ಳಿಯಿಂದ ಕಾಲೇಜಿಗೆ ಬರುವ ಹೆಣ್ಣುಮಕ್ಕಳ ಬಸ್ ಪಾಸಿಗೆ ಪ್ರತಿ ವರ್ಷ ದುಡ್ಡು ಕೊಡುತ್ತಿದ್ದರು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ ಆಯಿತು. ಆಗ ಅವರು ಕಾಲೇಜಿಗೆ ಹೋಗಿ ಕೇಳಿದರು. ಹುಡುಗಿಯರು ಹೇಳಿದ್ದು: ಬಸ್ ಈಗ ಪುಕ್ಕಟೆ, ಆದರೆ ಬೆಳಗ್ಗೆ ಏಳಕ್ಕೆ ಮನೆ ಬಿಡಬೇಕು, ತಿಂಡಿ ಇಲ್ಲ. ಈಗ ಅದೇ ದುಡ್ಡು ಕ್ಯಾಂಟೀನಿನ ತಿಂಡಿ ಕೂಪನ್‌ಗೆ ಹೋಗುತ್ತಿದೆ. ಕೇಳಿದ್ದಕ್ಕೆ ಅಷ್ಟು ದೊಡ್ಡ ವ್ಯತ್ಯಾಸ ಆಯಿತು.

ಹೋಗಿ, ಕೂತು, ಕೇಳಿ

ಖಾಲಿ ಕೈಯಲ್ಲಿ ಹೋಗಿ. ಹಾರ, ಸನ್ಮಾನ ಬೇಡ ಅಂತ ಮೊದಲೇ ಹೇಳಿ. ಮೊದಲ ಭೇಟಿಯಲ್ಲಿ ಏನನ್ನೂ ಕೊಡುತ್ತೇನೆ ಅನ್ನಬೇಡಿ, ಅಂದರೆ ಮಾತೆಲ್ಲ ಅದರ ಸುತ್ತಲೇ ಸುತ್ತುತ್ತದೆ.

ಹೆಡ್‌ಮಿಸ್ ಅಥವಾ ಸಂಸ್ಥೆಯ ಕಾರ್ಯದರ್ಶಿ ಹೇಳುವುದನ್ನು ಕೇಳಿಸಿಕೊಳ್ಳಿ. ಆಮೇಲೆ ಅಡುಗೆಯವರ ಹತ್ತಿರ, ಆಯಾ ಹತ್ತಿರ, ವಾಚ್‌ಮನ್ ಹತ್ತಿರ ಮಾತಾಡಿ. ನಿಜವಾದ ಕೊರತೆ ಗೊತ್ತಿರುವುದು ಇವರಿಗೆ. ನಿಮಗೆ ಏನು ಬೇಕು ಅಂತ ಕೇಳಿದರೆ ಫ್ಯಾನು, ಮಿಕ್ಸಿ, ಟಿವಿ ಅಂತ ಪಟ್ಟಿ ಬರುತ್ತದೆ. ಅದರ ಬದಲು, ಹೋದ ತಿಂಗಳು ಯಾವ ದಿನ ತುಂಬ ಕಷ್ಟ ಆಯ್ತು ಅಂತ ಕೇಳಿ ನೋಡಿ. ಯಾರಾದರೂ ಕೊಟ್ಟ ಯಾವ ವಸ್ತು ಮೂಲೆಯಲ್ಲಿ ಬಿದ್ದಿದೆ ಅಂತಲೂ ಕೇಳಿ.

ನಾವು ತಿಥಿ ಊಟ ಹಾಕಿಸುತ್ತಿದ್ದ ಆಶ್ರಮದಲ್ಲಿ ಈ ಪ್ರಶ್ನೆಗಳನ್ನೇ ಕೇಳಿದೆ. ಅಲ್ಲಿನ ವಾರ್ಡನ್ ಒಂದು ರಿಜಿಸ್ಟರ್ ತೋರಿಸಿದರು. ಯಾವ ದಿನ ಯಾರ ಊಟ ಅಂತ ಬರೆದಿಡುವ ಪುಸ್ತಕ ಅದು. ಆಗಸ್ಟ್ 15, ಹಬ್ಬದ ದಿನಗಳು, ಭಾನುವಾರಗಳು ಎಲ್ಲ ತುಂಬಿದ್ದವು. ಕೆಲವು ದಿನಕ್ಕೆ ಮೂರು ಮೂರು ಹೆಸರು. ಜೂನ್ ತಿಂಗಳ ಸಾಲು ಪೂರ್ತಿ ಖಾಲಿ. “ಮೇಡಂ, ಶಾಲೆ ಶುರುವಾಗೋ ತಿಂಗಳು ಅದು. ಖರ್ಚು ಜಾಸ್ತಿ, ಊಟ ಕೊಡೋರು ಕಡಿಮೆ” ಅಂದರು. ಅಪ್ಪನ ತಿಥಿ ಬರುವುದು ಅಕ್ಟೋಬರಿನಲ್ಲಿ. ಆ ದಿನ ಮನೆಯಲ್ಲಿ ಮಾಡುವುದನ್ನು ಮಾಡುತ್ತೇವೆ. ಆಶ್ರಮದ ದುಡ್ಡು ಈಗ ಜೂನಿನಲ್ಲಿ ಹೋಗುತ್ತದೆ, ದಿನಸಿ ಅಂಗಡಿಗೆ ನೇರವಾಗಿ. ಅಮ್ಮ ಇದಕ್ಕೆ ಒಪ್ಪುತ್ತಾರೋ ಇಲ್ಲವೋ ಅಂತ ಹೆದರಿದ್ದೆ. “ಹಸಿವಿಗೆ ತಿಥಿ ಗೊತ್ತಾ ಮಗಾ?” ಅಂದರು.

ವಸ್ತುವಿನ ಬೆಲೆಗೆ ಮೂರು ವರ್ಷದ ಖರ್ಚು ಸೇರಿಸಿ

ಫಿಲ್ಟರ್ ನಮಗೆ ಕಲಿಸಿದ್ದು ಇದನ್ನು. ಕೊಡುವ ವಸ್ತುವಿನ ಬೆಲೆ ಬರೆಯಿರಿ. ಅದರ ಕೆಳಗೆ ವರ್ಷದ ರಿಪೇರಿ, ಕರೆಂಟು, ಬದಲಾಯಿಸಬೇಕಾದ ಭಾಗ ಬರೆಯಿರಿ. ಮೂರರಿಂದ ಗುಣಿಸಿ, ಕೂಡಿಸಿ. ನಮ್ಮ ಫಿಲ್ಟರ್ 28 ಸಾವಿರದ್ದಲ್ಲ. ವರ್ಷಕ್ಕೆ 6 ಸಾವಿರದಂತೆ ಮೂರು ವರ್ಷಕ್ಕೆ 18 ಸಾವಿರ ಸೇರಿಸಿದರೆ ಅದು 46 ಸಾವಿರದ್ದು. ಕೈಯಲ್ಲಿ 28 ಸಾವಿರವೇ ಇದ್ದರೆ ಸಣ್ಣ ಫಿಲ್ಟರ್ ಕೊಳ್ಳಿ, ಉಳಿದದ್ದನ್ನು ಅದರ ಹೆಸರಿನಲ್ಲೇ ಇಟ್ಟುಕೊಳ್ಳಿ.

ಶಾಲೆಯಾದರೆ ಎಸ್‌ಡಿಎಂಸಿ (ಪೋಷಕರೂ ಇರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇದನ್ನು ಮಾತಾಡಿ ನಡಾವಳಿ ಪುಸ್ತಕದಲ್ಲಿ ಬರೆಸಿ. ಯಾರು ನೋಡಿಕೊಳ್ಳುತ್ತಾರೆ, ಕೆಟ್ಟರೆ ಯಾರು ಯಾರಿಗೆ ಫೋನ್ ಮಾಡುತ್ತಾರೆ, ದುಡ್ಡು ಎಲ್ಲಿಂದ ಬರುತ್ತದೆ, ಇಷ್ಟೂ ಅದರಲ್ಲಿ ಬರಲಿ. ಹೆಡ್‌ಮಾಸ್ಟರು ವರ್ಗವಾಗಿ ಹೋದರೂ ಪುಸ್ತಕ ಅಲ್ಲೇ ಇರುತ್ತದೆ.

ಜನಕ್ಕೆ ಸಂಬಳ ಕೊಡಲು ದಾನಿಗಳು ಹಿಂಜರಿಯುತ್ತಾರೆ. ವಸ್ತು ಕಣ್ಣಿಗೆ ಕಾಣುತ್ತದೆ, ಸಂಬಳ ಕಾಣುವುದಿಲ್ಲ. ಆದರೆ ಹತ್ತನೇ ತರಗತಿಗೆ ಸಂಜೆ ಗಣಿತ ಹೇಳಿಕೊಡುವ ಒಬ್ಬ ಹುಡುಗಿಗೆ ಹತ್ತು ತಿಂಗಳು ಗೌರವಧನ ಕೊಡುವುದು ಹತ್ತು ಬೆಂಚಿಗಿಂತ ದೊಡ್ಡ ಕೆಲಸ. ಇದನ್ನು ನಾನು ಗಟ್ಟಿಯಾಗಿ ನಂಬಿದ್ದೇನೆ.

ಸಂಸ್ಥೆಗೆ ಕೊಡುವ ಮುನ್ನ ಕಾಗದ ನೋಡಿ

ಟ್ರಸ್ಟು, ಸಂಘಗಳಿಗೆ ಕೊಡುವುದಾದರೆ ನೋಂದಣಿ ಪತ್ರ, ಪ್ಯಾನ್, ಆದಾಯ ತೆರಿಗೆ ಇಲಾಖೆಯ 12ಎಬಿ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ) ನೋಂದಣಿ, ಕಳೆದ ಎರಡು ವರ್ಷದ ಆಡಿಟ್ ಆದ ಲೆಕ್ಕ ಕೇಳಿ. ಕೇಳುವುದು ಅವಮಾನ ಅಲ್ಲ. ನೆಟ್ಟಗೆ ಕೆಲಸ ಮಾಡುವವರು ಖುಷಿಯಿಂದ ತೋರಿಸುತ್ತಾರೆ. ನೀತಿ ಆಯೋಗದ ಎನ್‌ಜಿಒ ದರ್ಪಣ್ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹುಡುಕಬಹುದು. ಅಲ್ಲಿ ಹೆಸರಿದ್ದ ಮಾತ್ರಕ್ಕೆ ಒಳ್ಳೆಯ ಸಂಸ್ಥೆ ಅಂತಲ್ಲ, ನೋಂದಣಿ ಆಗಿದೆ ಅಂತ ಅಷ್ಟೇ. ನೀವೇ ಹೋಗಿ ನೋಡುವುದನ್ನು ಯಾವ ಕಾಗದವೂ ತಪ್ಪಿಸುವುದಿಲ್ಲ.

ತೆರಿಗೆ ವಿನಾಯಿತಿ ಬೇಕಾದವರಿಗೆ ಕೆಲವು ಮಾತು. 80ಜಿ ಲಾಭ ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ವಿನಾಯಿತಿ ಇಲ್ಲ, ಚೆಕ್ ಅಥವಾ ಆನ್‌ಲೈನಿನಲ್ಲೇ ಕೊಡಿ. ಅಕ್ಕಿ, ಬಟ್ಟೆಯಂಥ ವಸ್ತು ಕೊಟ್ಟರೂ ವಿನಾಯಿತಿ ಇಲ್ಲ. ರಸೀದಿ ಒಂದೇ ಸಾಲದು, ಸಂಸ್ಥೆ ಇಲಾಖೆಯ ಜಾಲತಾಣದಿಂದ ತೆಗೆದುಕೊಡುವ ದಾನದ ಪ್ರಮಾಣಪತ್ರವೂ ಬೇಕು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯ ಪ್ರಕಾರ 2026ರ ಏಪ್ರಿಲ್ 1ರಿಂದ ಸೆಕ್ಷನ್ ನಂಬರ್‌ಗಳು ಬೇರೆ, ಆದ್ದರಿಂದ ನಿಮ್ಮ ಆಡಿಟರ್ ಹತ್ತಿರ ಒಮ್ಮೆ ಕೇಳಿಕೊಳ್ಳಿ.

ಒಬ್ಬರೇ ಆಗದಿದ್ದರೆ ಏಳು ಮನೆ

ನಾವು ಅಣ್ಣತಮ್ಮಂದಿರ, ಅಕ್ಕತಂಗಿಯರ ಮಕ್ಕಳು ಸೇರಿ ಏಳು ಮನೆಯವರು ತಿಂಗಳಿಗೆ 500 ಹಾಕುತ್ತೇವೆ. ವರ್ಷಕ್ಕೆ 42 ಸಾವಿರ. ಚೀಟಿ ನಡೆಸುವುದು ಹೇಗೆ ಅಂತ ಎಲ್ಲರಿಗೂ ಗೊತ್ತಲ್ಲ, ಇದೂ ಹಾಗೇ, ಎತ್ತುವವರು ಮಾತ್ರ ನಾವಲ್ಲ. ಇಬ್ಬರ ಹೆಸರಿನಲ್ಲಿ ಜಂಟಿ ಖಾತೆ ಇದೆ. ವರ್ಷಕ್ಕೆರಡು ಸಲ ಯಾರದ್ದಾದರೂ ಮನೆಯಲ್ಲಿ ಸೇರುತ್ತೇವೆ, ಲೆಕ್ಕ ಓದುತ್ತೇವೆ. ಒಬ್ಬರ ಊರು, ಒಬ್ಬರ ಜಾತಿ, ಒಬ್ಬರ ಪಾರ್ಟಿ ಅಂತ ದುಡ್ಡು ಹೋಗಬಾರದು ಅನ್ನುವುದನ್ನು ಮೊದಲ ಪುಟದಲ್ಲೇ ಬರೆದಿದ್ದೇವೆ.

ಹೊಸ ಟ್ರಸ್ಟ್ ಮಾಡೋಣ ಅಂತ ಯಾರಾದರೂ ಹುರುಪಿನಲ್ಲಿ ಹೇಳುತ್ತಾರೆ. ದಯವಿಟ್ಟು ಅವಸರ ಮಾಡಬೇಡಿ. ನೋಂದಣಿ, ಆಡಿಟ್, ರಿಟರ್ನ್ ಅಂತ ವರ್ಷ ವರ್ಷ ಖರ್ಚಿದೆ. ಈಗಾಗಲೇ ಚೆನ್ನಾಗಿ ನಡೆಯುತ್ತಿರುವ ಸಂಸ್ಥೆಗೆ ಹೆಗಲು ಕೊಡುವುದು ಲೇಸು.

ನಿಮ್ಮ ಕೆಲಸ ಬೆಳೆದು ದೊಡ್ಡ ಮೊತ್ತ ಬೇಕಾದಾಗ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಕೇಳಬಹುದು. 2013ರ ಕಂಪನಿ ಕಾಯ್ದೆಯ ಪ್ರಕಾರ, 500 ಕೋಟಿ ನಿವ್ವಳ ಮೌಲ್ಯ ಅಥವಾ 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಮೈಸೂರಿನ ಹೆಬ್ಬಾಳ, ನಂಜನಗೂಡು ಕಡೆಯ ಕಾರ್ಖಾನೆಗಳಲ್ಲಿ ವಿಚಾರಿಸಬಹುದು. ಆದರೆ ಹಣ ಪಡೆಯುವ ಸಂಸ್ಥೆಗೆ ಸಿಎಸ್‌ಆರ್-1 ನೋಂದಣಿ (ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಮಾಡಿಸುವಂಥದ್ದು) ಇರಬೇಕು. ಮೂರು ವರ್ಷದ ನಿಮ್ಮ ಮುಯ್ಯಿ ಪುಸ್ತಕ ಅಲ್ಲಿ ತುಂಬ ಕೆಲಸಕ್ಕೆ ಬರುತ್ತದೆ.

ದತ್ತಿ ಇಡುವವರಿಗೆ

ಹಿರಿಯರ ಹೆಸರಿನಲ್ಲಿ ದತ್ತಿ ಇಡುವ ಪದ್ಧತಿ ನಮ್ಮಲ್ಲಿ ಚೆನ್ನಾಗಿದೆ. ಮರಿಮಲ್ಲಪ್ಪನವರು ಬಿಟ್ಟುಹೋದ ಆಸ್ತಿಯಿಂದ ಮೈಸೂರಿನಲ್ಲಿ ಒಂದು ಶಾಲೆಯೇ ನಿಂತಿತು. ಆದರೆ ಸಣ್ಣ ದತ್ತಿಯಲ್ಲಿ ಒಂದು ತೊಡಕಿದೆ. 10,000 ಇಟ್ಟರೆ ಶೇಕಡಾ 6ರ ಬಡ್ಡಿಯಲ್ಲಿ ವರ್ಷಕ್ಕೆ ಬರುವುದು 600 ರೂಪಾಯಿ. ಇಪ್ಪತ್ತು ವರ್ಷ ಆದ ಮೇಲೆ ಆ 600ಕ್ಕೆ ಒಂದು ಪುಸ್ತಕ ಬಂದರೆ ಹೆಚ್ಚು. ಹಾಗಾಗಿ ಬಡ್ಡಿಯಲ್ಲಿ ಒಂದು ಪಾಲನ್ನು ಅಸಲಿಗೆ ಸೇರಿಸುವಂತೆ ದತ್ತಿ ಪತ್ರದಲ್ಲೇ ಬರೆಸಿ. ಇಲ್ಲವೇ ಶಾಶ್ವತ ಅನ್ನುವುದನ್ನು ಬಿಟ್ಟು, ಅದೇ ದುಡ್ಡನ್ನು ಐದು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯ ಓದಿಗೆ ಖರ್ಚು ಮಾಡಿ.

ಕೊಟ್ಟ ಮೇಲೆ

ವರ್ಷಕ್ಕೆರಡು ಸಲ ಹೋಗಿ. ಹೋದಾಗಲೆಲ್ಲ ಪುಸ್ತಕದಲ್ಲಿ ತಾರೀಖು ಹಾಕಿ, ಏನು ನಡೀತಿದೆ, ಏನು ನಿಂತಿದೆ, ಮುಂದೆ ಏನು ಮಾಡಬೇಕು ಬರೆಯಿರಿ. ಇಷ್ಟು ಜನಕ್ಕೆ ಕೊಟ್ಟೆವು ಅಂತ ಬರೆದರೆ ಸಾಲದು. ಸಂಜೆ ಪಾಠಕ್ಕೆ ಬಂದ 22 ಮಕ್ಕಳಲ್ಲಿ ಎಷ್ಟು ಮಕ್ಕಳು ಕೊನೆತನಕ ಬಂದರು, ಎಷ್ಟು ಜನ ಪಾಸಾದರು ಅನ್ನುವುದು ಬರಲಿ. ಸೋತದ್ದನ್ನೂ ಬರೆಯಿರಿ.

ಫೋಟೋ ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಬ್ಯಾಗು ಹಿಡಿದ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೋ ತೆಗೆದು ಸ್ಟೇಟಸ್ ಹಾಕಬೇಡಿ. ಆ ಮಗು ನಾಳೆ ಕಾಲೇಜಿಗೆ ಹೋಗುತ್ತದೆ, ಫೋಟೋ ಫೋನುಗಳಲ್ಲಿ ಓಡಾಡುತ್ತಲೇ ಇರುತ್ತದೆ. ಬಲಗೈಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಹಿರಿಯರು ಅಂದದ್ದು ತಗೊಳ್ಳುವವರ ಮರ್ಯಾದೆಗಾಗಿ. ಲೆಕ್ಕ ಪುಸ್ತಕದಲ್ಲಿರಲಿ, ಮುಖ ಬೇಡ.

ನಿಲ್ಲಿಸಬೇಕಾಗಿ ಬಂದರೆ ಒಂದು ವರ್ಷ ಮೊದಲೇ ಹೇಳಿ. ಕೆಲಸ ಹೋಗಬಹುದು, ಮನೆಯಲ್ಲಿ ಕಷ್ಟ ಬರಬಹುದು, ಅದು ತಪ್ಪಲ್ಲ. ಆದರೆ ಮೇ ತಿಂಗಳಲ್ಲಿ ಫೋನ್ ಎತ್ತದೆ ಇರುವುದು ತಪ್ಪು. ಆ ದುಡ್ಡು ನಂಬಿಕೊಂಡು ಜೂನಿಗೆ ಒಬ್ಬ ಹುಡುಗಿ ಹಾಸ್ಟೆಲ್ ಸೇರಿರುತ್ತಾಳೆ.

ಮದ್ದೂರಿನ ಶಾಲೆಯ ಫಿಲ್ಟರ್ ಈಗ ನಡೀತಿದೆ. ಅಪ್ಪನ ಹೆಸರಿನ ಫಲಕದ ಕೆಳಗೆ ಒಂದು ಸ್ಟಿಕ್ಕರ್ ಅಂಟಿಸಿದ್ದೇವೆ, ಅದರಲ್ಲಿ ಎರಡು ಫೋನ್ ನಂಬರ್ ಇದೆ, ಒಂದು ನನ್ನದು, ಇನ್ನೊಂದು ತಮ್ಮನದು. ಹೋದ ತಿಂಗಳು ಅಡುಗೆಯ ಅಕ್ಕ ಫೋನ್ ಮಾಡಿದ್ದರು. “ಅಕ್ಕ, ನೀರು ಸಣ್ಣಕೆ ಬತ್ತಾದೆ. ನಿಂತೋಗೋಕೆ ಮುಂಚೆ ಹೇಳ್ಬುಡಾಣ ಅಂತ ಮಾಡ್ದೆ.” ಗುರುವಾರ ಮೆಕ್ಯಾನಿಕ್ ಹೋಗಿ ಕ್ಯಾಂಡಲ್ ಬದಲಾಯಿಸಿ ಬಂದ. ಮೊದಲೇ ಗೊತ್ತಾದ್ದರಿಂದ 1,850 ರೂಪಾಯಿಯಲ್ಲೇ ಮುಗಿಯಿತು. ಪುಸ್ತಕದಲ್ಲಿ ಬರೆದಿದ್ದೇನೆ. ನವೆಂಬರಿನ ಎರಡನೇ ಶನಿವಾರ ಬೆಳಗ್ಗೆ ನಾವೇ ಹೋಗಿ ನೋಡಬೇಕು, ಅದನ್ನೂ ಬರೆದಿದ್ದೇನೆ.